ಮೂಗಿಲ್ಲದ ಆರು ಮುಖ

ನಲವತ್ತು ವರ್ಷ ಕರಿಮರದೊಳಗಿಂದ
ಮುಖ ಹೊರಗೆಳೆದವನು ನಾನು.
ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಂತ
ಅಜ್ಜಿ, ಮಗಳು, ಮೊಮ್ಮಗಳು, ಮೊಮ್ಮಗಳ ಕಂಕುಳಲ್ಲಿ ಕೋಳಿ.
ಹಡಗಿನಿಂದಿಳಿದವರು ಚೌಕಾಸಿ ಮಾಡಿ ಒಯ್ಯುತ್ತಿದ್ದರು.
ಲಿಕ್ವಾಟಾನ ಉಳಿ ಕಂಡರೆ ಮರವೇ ಮೈ ಕೊಡುತ್ತದೆ
ಎನ್ನುತ್ತಿತ್ತು ಮ್ಟ್ವಾರಾದ ಸಂತೆ.
ಅಂದವರಿಗೆಲ್ಲ ನಾನೇ ಚಹಾ ಕುಡಿಸಿದ್ದೆ, ಅದು ಬೇರೆ ಮಾತು.

ಅಂಥವನ ಹತ್ತಿರ ಬಂದಳು ಸಿಸ್ಟರ್ ಎದಿತ್ರೂದಾ,
ಗೋಡಂಬಿ ಸುಡುವ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ,
ಎರಡು ಬೆರಳ ನಡುವೆ ಗಾಳಿಯನ್ನು ಹಿಡಿದು ತೋರಿಸುತ್ತ:
‘ಒಂದು ಸೆಂಟಿಮೀಟರ್. ಎಲ್ಲ ಕಡೆಗೂ. ಅಷ್ಟೇ.’
ಗುಲಾಬಿ ಗೋಪುರದ ತುದಿಯ ಘನ ಕಳೆದಿದೆಯಂತೆ.
ಒಂಬತ್ತಿವೆಯಂತೆ. ಹತ್ತಾಗಬೇಕಂತೆ.
ನಕ್ಕುಬಿಟ್ಟೆ. ಆರು ಮುಖ, ಒಂದಕ್ಕೂ ಮೂಗಿಲ್ಲ!
ಊಟಕ್ಕೆ ಮೊದಲೇ ಮುಗಿಸಿ ಸಿಗರೇಟು ಹಚ್ಚಿದೆ.

ಮಾರನೆಯ ದಿನ ಶಾಲೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೆ.
ಬೆತ್ತವಿಲ್ಲ. ಒಕ್ಕೊರಲ ಮಗ್ಗಿಯಿಲ್ಲ.
ಮೂವತ್ತು ಮಕ್ಕಳ ಕೋಣೆ ನನ್ನ ಗುಡಿಸಲಿನ ಹಾಗೇ ಇತ್ತು,
ಎಲ್ಲರೂ ತಲೆ ತಗ್ಗಿಸಿ, ತಂತಮ್ಮ ಮರದೊಳಗೆ.
ಆರರ ಹುಡುಗಿ ನಾಲ್ಕರವನ ಬೆರಳು ಹಿಡಿದು
ಉಪ್ಪುಕಾಗದದ ಅಕ್ಷರದ ಮೇಲೆ ನಡೆಸುತ್ತಿದ್ದಳು.
ಅಪ್ಪ ನನಗೆ ಉಳಿ ಕಲಿಸಿದ್ದೂ ಹೀಗೇ;
ಅವನ ಇನ್ನೊಂದು ಕೈ ಮಾತ್ರ
ನನ್ನ ಬೆನ್ನ ಹಿಂದೆ ಕಾಯುತ್ತಿತ್ತು.
ಒಬ್ಬ ಹೂಜಿಯಿಂದ ಲೋಟಕ್ಕೆ ನೀರು ಸುರಿದ.
ಚೆಲ್ಲಿತು.
ನಾನು ಭುಜ ಕುಗ್ಗಿಸಿದೆ, ಹಳೆಯ ಅಭ್ಯಾಸ.
ಯಾರೂ ತಿರುಗಲಿಲ್ಲ. ತಾನೇ ಬಟ್ಟೆ ತಂದ, ಒರೆಸಿದ, ಹಿಂಡಿದ,
ಮತ್ತೆ ಸುರಿದ.

ಶವೇಜಿ ಚಾಪೆ ಬಿಡಿಸಿ ಗೋಪುರ ಕಟ್ಟಿದ.
ನನ್ನ ಘನವನ್ನು ನೆತ್ತಿಗೇರಿಸಲಿಲ್ಲ,
ಮೊದಲು ಒಂದೊಂದೇ ಮೆಟ್ಟಿಲ ಮೇಲಿಟ್ಟು ನೋಡಿದ.
ತಪ್ಪು ಅನ್ನಲಿಲ್ಲ ಮಾರಾಯ, ಅಂದಿದ್ದರೆ ಜಗಳವಾಡುತ್ತಿದ್ದೆ.
ನನ್ನ ತೋರುಬೆರಳು ಹಿಡಿದು ಅಂಚಿನುದ್ದಕ್ಕೂ ಎಳೆದ.
ಕೂದಲೆಳೆಯಷ್ಟು
ತಡೆಯಿತು.

ಎರಡನೆಯದೂ ತಡೆಯಿತು.
ಮೂರನೆಯದು ಒಂದು ಮಗ್ಗುಲಿಗೆ ಸರಿ, ಇನ್ನೊಂದಕ್ಕೆ ಸೊಟ್ಟ.
ದೀಪ ಹಚ್ಚಿ ಕೂತವನನ್ನು ಹೆಂಡತಿ ಕೇಳಿದಳು,
‘ಯಾವ ದೊರೆಯ ವಿಗ್ರಹ ಇದು, ಉಣ್ಣಲೂ ಬಿಡದ್ದು?’
‘ಯಾರದೂ ಅಲ್ಲ,’ ಅಂದೆ. ‘ಅದೇ ಕಷ್ಟ.
ಮೂಗಿದ್ದರೆ ತಪ್ಪನ್ನು ಮೂಗಿನೊಳಗೆ ಬಚ್ಚಿಡಬಹುದಿತ್ತು.’

ನಾಲ್ಕನೆಯದು ಕೂತಿತು.
ಗುಲಾಬಿ ಬಳಿಯಬೇಕೇ ಎಂದು ಕೇಳಿದೆ.
ಮಕ್ಕಳು ಉಜಿ ಗಂಜಿಯ ಬಟ್ಟಲು ಹಿಡಿದೇ ಸಭೆ ಸೇರಿ
ತುಂಬಾ ಹೊತ್ತು ಮಾತಾಡಿ, ಬೇಡ ಅಂದರು.
ಈಗ ಗೋಪುರದ ಹಣೆಗೆ
ಕೂಸಿನ ಹುಬ್ಬಿನ ಮೇಲಣ ಕಾಡಿಗೆಯ ಚುಕ್ಕೆ,
ಯಾರ ಕಣ್ಣೂ ತಾಗದ ಹಾಗೆ.

ಹೊರಡುವಾಗ ಅಡುಗೆಮನೆಯ ಹಿಂದೆ
ಮೂರು ವರ್ಷದ ನಚಿಪೊ
ಬರಿ ನೆಲಕ್ಕೆ ಡಬ್ಬಿಯಿಂದ ನೀರು ಹಾಕುತ್ತಿದ್ದಳು.
ಏನು ನೆಟ್ಟಿದ್ದೀಯೆ?
‘ಗೋಪುರ. ಚಿಕ್ಕದನ್ನೇ ನೆಡಬೇಕು ಅಜ್ಜ,
ದೊಡ್ಡದು ಆಗಲೇ ಬೆಳೆದುಬಿಟ್ಟಿದೆಯಲ್ಲ.’

ಸಿಸ್ಟರ್ ಕಡೆ ತಿರುಗಿದೆ. ಗಂಜಿಯ ಪಾತ್ರೆ ಉಜ್ಜುತ್ತಿದ್ದಳು.
ಗೊತ್ತಿತ್ತು ಅವಳಿಗೆ. ಮೊದಲ ದಿನದಿಂದಲೂ.
ನನ್ನ ನಾಲ್ಕು ದಿನ, ನನ್ನ ಕಣ್ಣು, ನನ್ನ ಸೀಮೆಎಣ್ಣೆ!
ಬಾಯಿ ತೆರೆದೆ.
‘ಶ್,’ ಅಂದಳು, ‘ಅವಳು ಕೆಲಸದಲ್ಲಿದ್ದಾಳೆ.’

ಕಿಸೆಯಲ್ಲಿ ಮೂರು ಸೋತ ಘನಗಳು
ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು.
ಮಂಡಿ ಲಟಕ್ಕೆಂದಿತು. ಕುಕ್ಕರುಗಾಲಲ್ಲಿ ಕೂತು ಕೇಳಿದೆ,
‘ಎಷ್ಟು ಆಳ ತೋಡಬೇಕು, ತಾಯಿ?’